ರಕ್ಷಕ ಯಾರಿಗೆ, ಯಾವುದರಿಂದ?

ಭಾರತದ ಕ್ರೈಸ್ತ ಚಿಂತನೆಯ ಮಾತು ಬಂದಾಗಲೆಲ್ಲ ಪದ್ಮಾಸನ ಹಾಕಿ ಕೂತ ಯೇಸುವಿನ ಚಿತ್ರ ತೋರಿಸಿ, ಅವತಾರವಾದದ ಬಗ್ಗೆ ನಾಲ್ಕು ಮಾತಾಡಿ ಮುಗಿಸುವ ಚಾಳಿ ಬಲವಾಗಿದೆ. ನಿಖಾಯ ಸಮ್ಮೇಳನಕ್ಕೆ 1700 ವರ್ಷ ತುಂಬಿದ 2025ರಲ್ಲಿ ಇದೇ ರಾಗ ಮತ್ತೆ ಕೇಳಿಬಂತು: ಗ್ರೀಕರು ತಮ್ಮ ತತ್ತ್ವಶಾಸ್ತ್ರದಲ್ಲಿ ಕ್ರಿಸ್ತನನ್ನು ವಿವರಿಸಿಕೊಂಡರು, ನಾವು ವೇದಾಂತದಲ್ಲಿ ವಿವರಿಸಿಕೊಂಡೆವು, ಲೆಕ್ಕ ಚುಕ್ತಾ. ಕ್ರಿಸ್ತ ಯಾರು ಎಂದು ಕೇಳುವವರಿಗೆ ಇದು ಸಾಕಾಗಬಹುದು. ಆತ ರಕ್ಷಕನಾದರೆ ಯಾವುದರಿಂದ ರಕ್ಷಿಸುತ್ತಾನೆ ಎಂದು ಕೇಳುವವರಿಗೆ ಸಾಲದು. ಈ ದೇಶದಲ್ಲಿ ಚರ್ಚೆಯನ್ನು ಮುಂದೆ ನೂಕಿದ್ದು ಈ ಎರಡನೆಯ ಪ್ರಶ್ನೆ.

ಹಳೆಯ ಕಥೆಯನ್ನು ಬೇಗ ಹೇಳಿಬಿಡಬಹುದು. ಮಗನು ತಂದೆಯೊಡನೆ ಏಕಸ್ವರೂಪನೆಂದು 325ರಲ್ಲಿ ನಿಖಾಯದಲ್ಲಿ ತೀರ್ಮಾನವಾಯಿತು; ಆತ ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು 451ರಲ್ಲಿ ಕಾಲ್ಸೆಡನ್‌ನಲ್ಲಿ. ಅಥನಾಸಿಯಸನಿಗೆ ಬಿಡುಗಡೆಯೆಂದರೆ ಸಾವಿನಿಂದ, ಕೊಳೆತು ಹೋಗುವ ಗತಿಯಿಂದ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಆನ್ಸೆಲ್ಮ್ ಅದನ್ನು ದೇವರ ಘನತೆಗೆ ಮನುಷ್ಯ ಸಲ್ಲಿಸಬೇಕಾದ ಬಾಕಿಯ ವಿಷಯವಾಗಿಸಿದ. ಲೂಥರನಿಗೆ ಅದು ತಪ್ಪಿತಸ್ಥ ಮನಸ್ಸಾಕ್ಷಿಯ ಸಂಕಟ. ಮಿಷನರಿಗಳ ಜೊತೆ ನಮ್ಮಲ್ಲಿಗೆ ಬಂದದ್ದು ಹೆಚ್ಚಾಗಿ ಈ ಕೊನೆಯ ಎರಡರ ಮಿಶ್ರಣ. ವಿಶ್ವಾಸಪ್ರಮಾಣ ಮರಿಯಳಿಂದ ನೇರವಾಗಿ ಪಿಲಾತನಿಗೆ ಜಿಗಿಯುತ್ತದೆ, ನಡುವೆ ಗಲಿಲಾಯದ ಊರುಗಳಲ್ಲಿ ಯೇಸು ಮಾಡಿದ್ದರ ಸೊಲ್ಲೇ ಇಲ್ಲ. ಇದನ್ನು ಅಷ್ಟಾಗಿ ಯಾರೂ ಗಮನಿಸಲಿಲ್ಲ.

ಬಂಗಾಳದವರು ಗಲಿಲಾಯವನ್ನು ತಂದರು, ಶಿಲುಬೆಯನ್ನು ಬಿಟ್ಟರು. 1820ರಲ್ಲಿ ರಾಮಮೋಹನ ರಾಯರು ಯೇಸುವಿನ ಬೋಧನೆಗಳನ್ನಷ್ಟೇ ಆಯ್ದು ಪ್ರಕಟಿಸಿದಾಗ ಸೆರಾಂಪುರದ ಮಿಷನರಿ ಮಾರ್ಷ್‌ಮನ್ ಸಿಡಿಮಿಡಿಗೊಂಡರು. ಪ್ರಾಯಶ್ಚಿತ್ತವಿಲ್ಲದ ಯೇಸು ಅವರಿಗೆ ಯೇಸುವೇ ಅಲ್ಲ. ಮುಂದೆ ಕೇಶವಚಂದ್ರ ಸೇನರು ಕ್ರಿಸ್ತನನ್ನು ಏಷ್ಯಾದವನೆಂದು ಘೋಷಿಸಿದರು. ಬ್ರಹ್ಮಬಾಂಧವ ಉಪಾಧ್ಯಾಯರು ತ್ರಿಯೇಕ ದೇವರನ್ನು ಸಚ್ಚಿದಾನಂದವೆಂದು ಸಂಸ್ಕೃತದಲ್ಲಿ ಸ್ತುತಿಸಿದರು. ಸ್ತೋತ್ರ ಸುಂದರವಾಗಿದೆ. ಹೊಲಗೇರಿಯಲ್ಲಿ ಅದನ್ನು ಯಾರು ಹಾಡುತ್ತಾರೆಂದು ಆಗ ಯಾರೂ ಕೇಳಲಿಲ್ಲ.

ಮದರಾಸಿನ ವಕೀಲರಿಬ್ಬರು, ಚಕ್ಕರೈ ಮತ್ತು ಚೆಂಚಯ್ಯ, ಇವರಿಗಿಂತ ಗಟ್ಟಿಗರು. ಅವತಾರಗಳು ಬಂದು ಹೋಗುತ್ತವೆ, ಕ್ರಿಸ್ತನದು ಹೋಗದ ಅವತಾರ ಎಂದರು ಚಕ್ಕರೈ. ಚೆಂಚಯ್ಯನವರಿಗೆ ಕ್ರಿಸ್ತ ಹೊಸ ಸೃಷ್ಟಿ, ಮನುಕುಲದ ಮುಂದಿನ ಮೆಟ್ಟಿಲು. 1938ರಲ್ಲಿ ತಾಂಬರಂನಲ್ಲಿ ಜಾಗತಿಕ ಮಿಷನರಿ ಸಮ್ಮೇಳನ ಸೇರಿತು. ಹೆಂಡ್ರಿಕ್ ಕ್ರೇಮರ್ ಅದಕ್ಕಾಗಿ ಬರೆದ ದಪ್ಪ ಪುಸ್ತಕಕ್ಕೆ ಮದರಾಸಿನ ಬಳಗ ತನ್ನದೇ ಪುಸ್ತಕದಲ್ಲಿ ಮಾರುತ್ತರ ಕೊಟ್ಟಿತು. ಭಕ್ತಿಮಾರ್ಗ ಹಿಡಿದ ಎ. ಜೆ. ಅಪ್ಪಸಾಮಿಯವರೂ ಈ ಸಾಲಿನಲ್ಲೇ ಬರುತ್ತಾರೆ.

ಇಲ್ಲಿಂದ ಕೇಂದ್ರ ಬೆಂಗಳೂರಿಗೆ ಸರಿಯಿತು. ನಮ್ಮ ತಲೆಮಾರಿನವರು ಬೆಳೆದದ್ದು ಈ ಗಾಳಿಯಲ್ಲಿ. ಹಾಗಾಗಿ ನನ್ನ ಮಾತಿನಲ್ಲಿ ಪಕ್ಷಪಾತ ಕಂಡರೆ ಅದು ಇದ್ದೇ ಇದೆ. 1957ರಲ್ಲಿ ಪಿ. ಡಿ. ದೇವನಂದನ್ ಅವರ ನೇತೃತ್ವದಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆಂದು ಕ್ರೈಸ್ತ ಸಂಸ್ಥೆಯೊಂದು ಇಲ್ಲಿ ಹುಟ್ಟಿತು; 1962ರಲ್ಲಿ ಅವರು ತೀರಿಕೊಂಡ ಮೇಲೆ ಎಂ. ಎಂ. ಥಾಮಸ್ ಅದನ್ನು ಮುನ್ನಡೆಸಿದರು. ಥಾಮಸ್ ಸೆಮಿನರಿಯಲ್ಲಿ ಕಲಿತು ಪಾದ್ರಿಯಾದವರಲ್ಲ. ರಕ್ಷಣೆಯನ್ನೂ ಮಾನವೀಕರಣವನ್ನೂ ಬೇರ್ಪಡಿಸಲಾಗದು ಎಂಬುದು ಅವರ 1971ರ ಪುಸ್ತಕದ ವಾದ. ಜಾತಿ, ವಸಾಹತು, ಬಡತನಗಳ ವಿರುದ್ಧ ಮನುಷ್ಯರು ಎದ್ದು ನಿಲ್ಲುವುದರಲ್ಲೂ ಕ್ರಿಸ್ತ ಕೆಲಸ ಮಾಡುತ್ತಿದ್ದಾನೆ ಎಂದರೆ, ದೀಕ್ಷಾಸ್ನಾನ ಪಡೆಯದೆ ಆತನನ್ನು ಒಪ್ಪಿದವರ ಗತಿಯೇನು? ಬಿಷಪ್ ಲೆಸ್ಲಿ ನ್ಯೂಬಿಗಿನ್ ಬಿಡಲಿಲ್ಲ: ಕಣ್ಣಿಗೆ ಕಾಣುವ ಸಭೆಯಿಲ್ಲದ ಕ್ರಿಸ್ತನಿಷ್ಠೆ ಗಾಳಿಯಲ್ಲಿ ಕರಗುತ್ತದೆ ಎಂಬ ಅರ್ಥದಲ್ಲಿ ಪಟ್ಟು ಹಿಡಿದರು. ಇಬ್ಬರದೂ ಒಳ್ಳೆಯ ಜಗಳ. ಈಗ ಅಂಥ ಜಗಳಗಳೇ ಆಗುವುದಿಲ್ಲ, ಎಲ್ಲರೂ ಪ್ರಬಂಧ ಓದಿ ಊಟಕ್ಕೆ ಹೋಗುತ್ತಾರೆ.

ಕನ್ನಡದವರು ಮರೆತೇಬಿಟ್ಟ ಹೆಸರು ಸ್ಟ್ಯಾನ್ಲಿ ಸಮರ್ಥ. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಬೆಂಗಳೂರಿನಲ್ಲೂ ಅಮೆರಿಕದಲ್ಲೂ ಓದಿ, ಮಂಗಳೂರಿನ ಥಿಯಲಾಜಿಕಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದು, ಆಮೇಲೆ ಜಿನೀವಾದ ಸಭೆಗಳ ವಿಶ್ವಮಂಡಳಿಯಲ್ಲಿ ಅನ್ಯಧರ್ಮೀಯರೊಡನೆ ಸಂವಾದದ ವಿಭಾಗವನ್ನು ಕಟ್ಟಿದವರು. ಹಿಂದೂಗಳು ಕ್ರಿಸ್ತನಿಗೆ ಹೇಗೆ ಸ್ಪಂದಿಸಿದರೆಂಬ ಅವರ ಅಧ್ಯಯನ 1974ರಲ್ಲಿ ಬಂತು: ಕ್ರಿಸ್ತ ಸಭೆಯ ಕಟ್ಟಿಗೆ ಸಿಗುವವನಲ್ಲ, ಸಭೆಯ ಹೊರಗೂ ಆತನಿಗೆ ಉತ್ತರ ಕೊಟ್ಟವರಿದ್ದಾರೆ. 1991ರ ಪುಸ್ತಕದಲ್ಲಿ ಎರಡು ಬಗೆಯ ಕ್ರಿಸ್ತಶಾಸ್ತ್ರಗಳಿಗೆ ಅವರು ಹೆಸರಿಟ್ಟರು: ಒಂದು ಹೆಲಿಕಾಪ್ಟರಿನದು, ಇನ್ನೊಂದು ಎತ್ತಿನಗಾಡಿಯದು. ಮೇಲಿಂದ ಇಳಿಯುವ ಹೆಲಿಕಾಪ್ಟರ್ ಎಬ್ಬಿಸುವ ಸದ್ದು, ಧೂಳಿನಲ್ಲಿ ಇಳಿದುಬಂದವನೇ ಕಾಣುವುದಿಲ್ಲ. ಎತ್ತಿನಗಾಡಿಯ ಗಾಲಿ ಮಾತ್ರ ನೆಲಕ್ಕೆ ತಾಗಿಕೊಂಡೇ ಇರಬೇಕು, ಇಲ್ಲದಿದ್ದರೆ ಅದು ಹೊರಡುವುದೇ ಇಲ್ಲ. ಕ್ರಿಸ್ತನನ್ನು ಇವರು ದೇವರಿಗಿಂತ ಕೆಳಗಿಳಿಸಿದರು ಎಂಬ ಆಕ್ಷೇಪ ಇವತ್ತಿಗೂ ನಿಂತಿಲ್ಲ. ಆಕ್ಷೇಪಿಸುವವರಲ್ಲಿ ಪುಸ್ತಕ ಓದಿದವರು ಕಡಿಮೆ.

ಹೊರಗಿನವರ ಸ್ಪಂದನ ಎಂದಾಗ ಸಮೀಕ್ಷೆಗಳು ಕಲ್ಕತ್ತೆ, ಮದರಾಸು ಸುತ್ತಿ ಮುಗಿಯುತ್ತವೆ. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಕಾವ್ಯವಾಗಿಸಿದರಲ್ಲ, ಅದು ಸಾಹಿತ್ಯದವರ ಕಪಾಟಿನಲ್ಲೇ ಉಳಿಯಿತು. ಕ್ರೈಸ್ತರಲ್ಲದವರು ಶಿಲುಬೆಯ ಮುಂದೆ ಇಷ್ಟು ಹೊತ್ತು ನಿಂತದ್ದು ಅಪರೂಪ. ನಮ್ಮ ದೇವಶಾಸ್ತ್ರದವರು ಅದನ್ನು ಎತ್ತಿಕೊಳ್ಳಬೇಕಿತ್ತು.

ಕಥೋಲಿಕರಲ್ಲಿ ಎರಡನೆಯ ವ್ಯಾಟಿಕನ್ ಸಮ್ಮೇಳನದ ಮೇಲೆ ಬಾಗಿಲು ತೆರೆಯಿತು. 1967ರಲ್ಲಿ ಅಮಲೋರ್ಪವದಾಸ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಕೇಂದ್ರದಿಂದ ಆರತಿ, ದೀಪಗಳು ಪೂಜೆಯೊಳಗೆ ಬಂದವು. ಪದ್ಮಾಸನದ ಯೇಸುವಿನ ಜನಪ್ರಿಯತೆಗೆ ಈ ಕಾಲದ ಉತ್ಸಾಹವೂ ಕಾರಣ.

ಆ ಉತ್ಸಾಹಕ್ಕೆ ಪೆಟ್ಟು ಬಿದ್ದದ್ದೂ ಬೆಂಗಳೂರಿನಲ್ಲೇ. 1981ರಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಉಪನ್ಯಾಸವೊಂದರಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವಶಾಸ್ತ್ರದ ಮಾತೆತ್ತಿದರು. ಅದು ಬೇಗನೆ ದಲಿತ ದೇವಶಾಸ್ತ್ರವಾಗಿ ಬೆಳೆಯಿತು. ಭಾರತದ ಕ್ರೈಸ್ತರಲ್ಲಿ ಹೆಚ್ಚಿನವರು ದಲಿತರು, ಅವರ ದೇವಶಾಸ್ತ್ರ ಮಾತ್ರ ಬ್ರಾಹ್ಮಣ ಪರಂಪರೆಯದು ಎಂಬುದು ಅವರ ನೇರ ಆರೋಪ. ನಿರ್ಮಲ್ ಕಂಡ ಯೇಸು ದಲಿತರ ಪರ ನಿಂತವನಷ್ಟೇ ಅಲ್ಲ, ಸ್ವತಃ ದಲಿತ. ಆತನ ವಂಶಾವಳಿಯಲ್ಲಿ ತಾಮಾರಳೂ ರಾಹಾಬಳೂ ಇದ್ದಾರೆ. ದೇವಾಲಯದ ವ್ಯಾಪಾರಿಗಳನ್ನು ಓಡಿಸಿದ್ದು ದೇವಾಲಯ ಪ್ರವೇಶದ ಹೋರಾಟಕ್ಕೆ ಹತ್ತಿರದ್ದು. ಶಿಲುಬೆಯ ಮೇಲೆ ದೇವರೂ ಕೈಬಿಟ್ಟನೆಂದು ಕೂಗಿದವನಿಗೆ ದಲಿತರ ಪಾಡನ್ನು ಯಾರೂ ವಿವರಿಸಬೇಕಿಲ್ಲ. 1950ರ ರಾಷ್ಟ್ರಪತಿ ಆದೇಶದಿಂದಾಗಿ ಪರಿಶಿಷ್ಟ ಜಾತಿಯ ಸೌಲಭ್ಯದಿಂದ ಹೊರಗುಳಿದು, ಸಭೆಯೊಳಗೂ ಬೇರೆ ಸಾಲಿನಲ್ಲಿ ಕೂತು, ಕೆಲವೆಡೆ ಬೇರೆ ಸ್ಮಶಾನದಲ್ಲಿ ಹೂಳಿಸಿಕೊಂಡವರಿಗೆ ರಕ್ಷಣೆ ಎಂಬ ಮಾತು ಇಲ್ಲಿ ಮೊದಲ ಸಲ ತಮ್ಮ ಬದುಕಿಗೆ ತಾಗಿತು. 1998ರಲ್ಲಿ ಸತ್ಯನಾಥನ್ ಕ್ಲಾರ್ಕ್, ಪರೈಯರ ತಮಟೆಯಲ್ಲೇ ಕ್ರಿಸ್ತನನ್ನು ಗುರುತಿಸುವಷ್ಟು ಮುಂದೆ ಹೋದರು. ನಾನು ಓದಿದ ಕ್ರಿಸ್ತಶಾಸ್ತ್ರದ ಪುಸ್ತಕಗಳಲ್ಲಿ ಇಷ್ಟು ಧೈರ್ಯದ್ದು ಇನ್ನೊಂದಿಲ್ಲ.

ಆದರೂ ನೋವುಂಡ ದಲಿತ ಕ್ರಿಸ್ತನೊಬ್ಬನೇ ಜನರನ್ನು ಎಬ್ಬಿಸುತ್ತಾನೆಯೇ? 2010ರಲ್ಲಿ ಪೆನಿಯಲ್ ರಾಜಕುಮಾರ್ ಈ ಅನುಮಾನವನ್ನು ಬರೆದು, ಸುವಾರ್ತೆಗಳಲ್ಲಿ ಯೇಸು ರೋಗಿಗಳನ್ನು ವಾಸಿಮಾಡಿದ ಪ್ರಸಂಗಗಳತ್ತ ತಿರುಗಿದರು. ಕುಷ್ಠರೋಗಿಯನ್ನು ಮುಟ್ಟಿದ್ದು ಮಡಿ-ಮೈಲಿಗೆಯ ಗೆರೆ ದಾಟಿದ್ದು ಎಂಬ ಅವರ ಓದು ನನಗೆ ಸರಿಯೆನಿಸುತ್ತದೆ. ದಾರಿ ಅಲ್ಲಿಗೇ ನಿಂತಿದೆ ಎನ್ನುವುದು ನನ್ನ ತಕರಾರು. ಗುರುವಾರ ವಿವೇಕನಗರದ ಬಾಲಯೇಸುವಿನ ಗುಡಿಗೆ ಬರುವವರು, ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಮೇಣದಬತ್ತಿ ಹಿಡಿದು ನಿಲ್ಲುವ ನಾನಾ ಧರ್ಮದವರು, ಶೀಟು ಹೊದಿಸಿದ ಪ್ರಾರ್ಥನಾ ಮಂದಿರದಲ್ಲಿ ತಲೆಯ ಮೇಲೆ ಕೈಯಿಡಿಸಿಕೊಳ್ಳುವ ಪೆಂತೆಕೋಸ್ತ ಹೆಂಗಸರು ಕೇಳುವುದು ಪಾಪಕ್ಷಮೆಗಿಂತ ಹೆಚ್ಚಾಗಿ ಕಾಯಿಲೆ, ಸಾಲ, ಗಂಡನ ಕುಡಿತ, ಹೆರದ ಗರ್ಭದಿಂದ ಬಿಡುಗಡೆ. ವೇದಾಂತದವರು ಇದನ್ನು ಮೂಢನಂಬಿಕೆ ಎಂದರು, ನಮ್ಮ ಬಳಗದವರು ರಾಜಕೀಯ ಪ್ರಜ್ಞೆಯಿಲ್ಲದ್ದು ಎಂದರು. ಇವರಲ್ಲಿ ಹೆಚ್ಚಿನವರು ಹೆಂಗಸರು ಎಂಬುದನ್ನು ಎರಡು ಕಡೆಯವರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಇವರ ನಂಬಿಕೆ ಪಠ್ಯಕ್ರಮದಲ್ಲಿ ಬರುತ್ತಿದ್ದದ್ದು ಪಂಗಡಗಳ ಪತ್ರಿಕೆಯಲ್ಲಿ, ಅದೂ ಐಚ್ಛಿಕ. ಕ್ರಿಸ್ತಶಾಸ್ತ್ರದ ಪತ್ರಿಕೆಗೆ ಅದನ್ನು ತರಲು ಯಾರೂ ಅರ್ಜಿ ಹಾಕಲಿಲ್ಲ.