ಶಿಕ್ಷೆಯಾದವರು ಕಾರ್ಮಿಕ ಸಂಘದ ಪದಾಧಿಕಾರಿಯಾಗಬಹುದೇ?

ಹೊಸೂರಿನ ಕಾರ್ಖಾನೆಗಳು, ನೀಲಗಿರಿ ಮತ್ತು ವಯನಾಡಿನ ತೋಟಗಳು, ಸೊಲ್ಲಾಪುರದ ಬೀಡಿ ಹಾಗೂ ಜವಳಿ ಉದ್ಯಮ, ಆದವಾನಿಯ ಹತ್ತಿ ಗಿರಣಿಗಳು – ಹೀಗೆ ಗಡಿನಾಡಿನ ಕನ್ನಡಿಗರು ದುಡಿಯುವ ಕಡೆಗಳಲ್ಲೆಲ್ಲ ಕಾರ್ಮಿಕ ಸಂಘಗಳಿವೆ. ಸಂಘದ ಚುನಾವಣೆ ಬಂತೆಂದರೆ "ಅವರ ಮೇಲೆ ಕೇಸಿದೆ, ನಿಲ್ಲುವ ಹಾಗಿಲ್ಲ" ಎಂಬ ಮಾತು ಏಳುವುದುಂಟು. ಕೇಸು ಇದ್ದ ಮಾತ್ರಕ್ಕೆ ಯಾರೂ ಅನರ್ಹರಾಗುವುದಿಲ್ಲ. ನಾವು ಯಾವ ರಾಜ್ಯದಲ್ಲಿದ್ದರೂ ಇದರ ಮೂಲ ನಿಯಮ ಕೇಂದ್ರ ಕಾನೂನಿನಲ್ಲಿದೆ.

ನಿಯಮ ಏನು?

1926ರ ಕಾರ್ಮಿಕ ಸಂಘಗಳ ಕಾಯ್ದೆಗೆ 1964ರ ತಿದ್ದುಪಡಿಯಲ್ಲಿ 21-ಎ ಕಲಮು ಸೇರಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದೇ ನಿಯಮವನ್ನು ಉಳಿಸಿಕೊಂಡಿದೆ. ಅದರಂತೆ, ನೋಂದಾಯಿತ ಸಂಘದ ಕಾರ್ಯಕಾರಿ ಸಮಿತಿಗೆ ಅಥವಾ ಬೇರೆ ಹುದ್ದೆಗೆ ಒಬ್ಬರು ಅನರ್ಹರಾಗಬೇಕಾದರೆ ಎರಡು ಸಂಗತಿಗಳು ಒಟ್ಟಿಗೆ ಇರಬೇಕು:

1. ನೈತಿಕ ಅಧಃಪತನದ ಅಪರಾಧಕ್ಕಾಗಿ ಭಾರತದ ನ್ಯಾಯಾಲಯವೊಂದು ತಪ್ಪಿತಸ್ಥರೆಂದು ತೀರ್ಪು ಕೊಟ್ಟಿರಬೇಕು.
2. ಜೈಲು ಶಿಕ್ಷೆ ವಿಧಿಸಿರಬೇಕು.

ಬಿಡುಗಡೆಯಾಗಿ 5 ವರ್ಷ ಕಳೆದರೆ ಈ ಅನರ್ಹತೆ ಹೋಗುತ್ತದೆ. ಲೆಕ್ಕ ತೀರ್ಪಿನ ದಿನದಿಂದಲ್ಲ, ಬಿಡುಗಡೆಯ ದಿನದಿಂದ. 2021ರ ಜೂನ್‌ನಲ್ಲಿ ಹೊರಬಂದವರಿಗೆ 2026ರ ಜೂನ್‌ವರೆಗೆ ಅಡ್ಡಿಯಿರುತ್ತದೆ. ಹುದ್ದೆಯಲ್ಲಿರುವಾಗಲೇ ಇಂಥ ಶಿಕ್ಷೆಯಾದರೆ ಮುಂದುವರಿಯುವಂತಿಲ್ಲ.

ಸಂಹಿತೆಯಲ್ಲಿ ಹೊಸದಾಗಿ ಸೇರಿದ್ದು ಇನ್ನೊಂದು: ನಿರ್ದಿಷ್ಟ ಅವಧಿಗೆ ಒಬ್ಬರನ್ನು ಅನರ್ಹಗೊಳಿಸಿ ಕೈಗಾರಿಕಾ ನ್ಯಾಯಮಂಡಳಿ ಆದೇಶಿಸಿದ್ದರೆ ಅದೂ ಅಡ್ಡಿಯೇ.

ನೈತಿಕ ಅಧಃಪತನ ಎಂದರೆ?

ಕಾಯ್ದೆ ಇದಕ್ಕೆ ಅರ್ಥ ಕೊಟ್ಟಿಲ್ಲ. ಕಳವು, ವಂಚನೆ, ಹಣ ದುರುಪಯೋಗ, ಖೋಟಾ ದಾಖಲೆಗಳನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಇದರಲ್ಲಿ ಸೇರಿಸುತ್ತವೆ. ಸಂಘದ ನಿಧಿ ಕೈಯಲ್ಲಿರುವವರ ವಿಷಯದಲ್ಲಿ ಇದು ನ್ಯಾಯವೇ. ಆದರೆ ಪ್ರತಿಯೊಂದು ತಪ್ಪೂ ಇದಕ್ಕೆ ಸೇರುವುದಿಲ್ಲ. ಹರಿಯಾಣದಲ್ಲಿ ಅಸಭ್ಯ ವರ್ತನೆಗಾಗಿ 20 ರೂಪಾಯಿ ದಂಡ ತೆತ್ತ ನೌಕರರೊಬ್ಬರು ಕೆಲಸ ಕಳೆದುಕೊಂಡಿದ್ದರು. ಅದು ನೈತಿಕ ಅಧಃಪತನವಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು.

ಯಾವುದು ಅಡ್ಡಿಯಲ್ಲ?

• ಎಫ್‌ಐಆರ್, ಬಂಧನ, ವಿಚಾರಣೆಯಲ್ಲಿರುವ ಪ್ರಕರಣ.
• ಮುಷ್ಕರದ ವೇಳೆ ನಿಷೇಧಾಜ್ಞೆ ಮೀರಿದ್ದಕ್ಕೆ ದಂಡ ಮಾತ್ರ ಆಗಿದ್ದರೆ.
• ಅಪರಾಧಿಗಳ ಪ್ರೊಬೇಷನ್ ಕಾಯ್ದೆಯಡಿ ಬಿಟ್ಟಿದ್ದರೆ. ಅದರ 12ನೇ ಕಲಮು ಅನರ್ಹತೆಯಿಂದ ರಕ್ಷಿಸುತ್ತದೆ.
• ವಿದೇಶದ ನ್ಯಾಯಾಲಯದ ಶಿಕ್ಷೆ. ಗಲ್ಫ್‌ನಿಂದ ಮರಳಿದವರು ಗಮನಿಸಬೇಕು.

ಆದರೆ ಕರ್ನಾಟಕದ ನ್ಯಾಯಾಲಯದಲ್ಲಿ ಆದ ಶಿಕ್ಷೆ ಸೊಲ್ಲಾಪುರದ ಸಂಘದಲ್ಲೂ ಲೆಕ್ಕಕ್ಕೆ ಬರುತ್ತದೆ. ಗಡಿ ದಾಟಿದರೆ ಅಳಿಯುವುದಿಲ್ಲ. ಮೇಲ್ಮನವಿಯಲ್ಲಿ ಜಾಮೀನು ಸಿಕ್ಕಿ ಶಿಕ್ಷೆ ಅಮಾನತಾದರೂ ಸಾಲದು, ತಪ್ಪಿತಸ್ಥರೆಂಬ ತೀರ್ಪಿಗೇ ತಡೆ ಪಡೆಯಬೇಕು.

ಅನರ್ಹತೆ ಹುದ್ದೆಗೆ ಮಾತ್ರ. ಸಂಘದ ಸದಸ್ಯತ್ವವನ್ನು ಈ ನಿಯಮ ಕಸಿಯುವುದಿಲ್ಲ.

ಚುನಾವಣೆಗೆ ಮುನ್ನ

ಸಂದೇಹವಿದ್ದರೆ ತೀರ್ಪಿನ ಪ್ರತಿ ಮತ್ತು ಬಿಡುಗಡೆಯ ದಾಖಲೆ ತರಿಸಿ ನೋಡಿ. ಸಂಘದ ನಿಯಮಾವಳಿಯನ್ನೂ ಓದಿ. ಪದಾಧಿಕಾರಿಗಳ ಚುನಾವಣೆಯ ವಿವಾದವನ್ನು ಸಂಹಿತೆಯಡಿ ನ್ಯಾಯಮಂಡಳಿಗೆ ಒಯ್ಯಬಹುದು. ಬಾಯಿಮಾತನ್ನು ನಂಬಿ ಒಳ್ಳೆಯ ಮುಂದಾಳನ್ನು ಕಳೆದುಕೊಳ್ಳುವುದು ಬೇಡ. ಕಾಗದ ನೋಡದೆ ನಿಧಿಯ ಬೀಗದ ಕೈ ಒಪ್ಪಿಸುವುದೂ ಬೇಡ.