ಗುಜರಿಯ ಬಾಯಿಂದ ಮರಳಿದ ಅಗ್ನಿನೌಕೆ: ‘ಜಾನ್ ಜೆ. ಹಾರ್ವೆ’

ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪದ ಪಶ್ಚಿಮ ದಂಡೆಯಲ್ಲಿ, ಇಪ್ಪತ್ತಾರನೆಯ ಬೀದಿ ಹಡ್ಸನ್ ನದಿಯನ್ನು ಮುಟ್ಟುವಲ್ಲಿ, ಹಳೆಯ ಹಡಗುಗಳ ನಡುವೆ ಕೆಂಪು ಬಿಳಿ ಬಣ್ಣದ ನೌಕೆಯೊಂದನ್ನು ಅನೇಕ ವರ್ಷಗಳಿಂದ ಜನ ನೋಡುತ್ತ ಬಂದಿದ್ದಾರೆ. ಅದರ ಅಟ್ಟದ ಮೇಲೆ ಅಲ್ಲಲ್ಲಿ ತೋಪುಗಳಂತೆ ಕಾಣುವ ಹಿತ್ತಾಳೆಯ ಮೂತಿಗಳಿವೆ. ಅವು ನಿಜಕ್ಕೂ ನೀರಿನ ತೋಪುಗಳೇ. ಈ ನೌಕೆಯ ಹೆಸರು ‘ಜಾನ್ ಜೆ. ಹಾರ್ವೆ’. ಬಂದರಿನ ಬೆಂಕಿಯನ್ನು ನೀರಿನ ಮೇಲಿನಿಂದಲೇ ನಂದಿಸಲು 1931ರಲ್ಲಿ ಕಟ್ಟಿದ ಅಗ್ನಿನೌಕೆ ಇದು.

ಬಂದರಿನ ಬೆಂಕಿಗೆ ಬೇರೆಯದೇ ಆದ ಸ್ವಭಾವವಿದೆ. ಆ ಕಾಲದ ಧಕ್ಕೆಗಳು ನದಿಯೊಳಕ್ಕೆ ನೂರಾರು ಅಡಿ ಚಾಚಿದ ಮರದ ಕಟ್ಟಡಗಳು. ಕೆಳಗೆ ಮರದ ಕಂಬಗಳು, ಮೇಲೆ ಹತ್ತಿ, ಎಣ್ಣೆ, ಸಕ್ಕರೆ, ರಬ್ಬರುಗಳ ರಾಶಿ. ಬೆಂಕಿ ಧಕ್ಕೆಯ ಅಡಿಗೆ ಇಳಿಯಿತೆಂದರೆ ದಡದ ಮೇಲಿನ ಬಂಡಿಗಳು ಅದನ್ನು ತಲುಪಲಾರವು. 1900ರ ಜೂನ್ 30ರಂದು ನದಿಯ ಆಚೆ ದಡದ ಹೋಬೋಕನ್ನಿನಲ್ಲಿ ಜರ್ಮನ್ ಹಡಗು ಕಂಪನಿಯೊಂದರ ಧಕ್ಕೆಗಳು ಹೊತ್ತಿದಾಗ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಹಡಗುಗಳ ಸಣ್ಣ ಕಿಟಕಿಗಳಲ್ಲಿ ತೂರಿ ಹೊರಬರಲಾಗದೆ ಒಳಗೇ ಸಿಕ್ಕಿಬಿದ್ದವರು ಅವರಲ್ಲಿದ್ದರು. ಇಂಥ ಬಂದರಿಗೆ, ಕಾಲ ಕೆಳಗೇ ಇರುವ ನೀರನ್ನು ಎತ್ತಿ ಎರಚಬಲ್ಲ ದೋಣಿಗಳು ಬೇಕಾಗಿದ್ದವು. ನ್ಯೂಯಾರ್ಕಿನ ಅಗ್ನಿಶಾಮಕ ದಳ 1875ರಿಂದಲೇ ಉಗಿಯಿಂದ ನಡೆಯುವ ಅಗ್ನಿನೌಕೆಯನ್ನು ಇಟ್ಟುಕೊಂಡಿತ್ತು.

ಹಾರ್ವೆ ಎಂಬುದು ಒಬ್ಬ ನೌಕಾಚಾಲಕನ ಹೆಸರು. 1930ರ ಫೆಬ್ರವರಿಯಲ್ಲಿ ಮ್ಯಾನ್‌ಹಟನ್ನಿನ ಧಕ್ಕೆಯಲ್ಲಿ ನಿಂತಿದ್ದ ‘ಮ್ಯೂನ್ಶೆನ್’ ಎಂಬ ಜರ್ಮನ್ ಹಡಗು ಹೊತ್ತಿಕೊಂಡಿತು. ‘ಥಾಮಸ್ ವಿಲೆಟ್’ ಎಂಬ ಅಗ್ನಿನೌಕೆಯನ್ನು ನಡೆಸುತ್ತ ಜಾನ್ ಹಾರ್ವೆ ಅದರ ಬಳಿಗೆ ಹೋದರು. ಹಡಗು ಸ್ಫೋಟಿಸಿತು, ಅವರು ಅಲ್ಲೇ ಪ್ರಾಣ ಬಿಟ್ಟರು. ಮರುವರ್ಷ ಬ್ರೂಕ್ಲಿನ್ನಿನ ಹಡಗುಕಟ್ಟೆಯಿಂದ ನೀರಿಗಿಳಿದ ಹೊಸ ನೌಕೆಗೆ ಅವರ ಹೆಸರನ್ನಿಟ್ಟರು. ನಮ್ಮ ಹಳ್ಳಿಗಳ ಅಂಚಿನಲ್ಲಿ ನಿಂತಿರುವ ವೀರಗಲ್ಲುಗಳನ್ನು ಕಂಡವರಿಗೆ ಈ ಪದ್ಧತಿ ಹೊಸದೆನಿಸದು. ಇಲ್ಲಿ ಕಲ್ಲಿನ ಬದಲು ಹಡಗು, ಅಷ್ಟೆ.

ಹಾರ್ವೆಯ ಉದ್ದ 130 ಅಡಿ, ಅಗಲ 28 ಅಡಿ. ಅದಕ್ಕೆ ಮುಂಚಿನ ನೌಕೆಗಳೆಲ್ಲ ಉಗಿಯನ್ನು ನಂಬಿದ್ದವು. ಕರೆ ಯಾವಾಗ ಬರುವುದೋ ತಿಳಿಯದಾದ್ದರಿಂದ ಹಗಲಿರುಳೂ ಅವುಗಳ ಕುದಿಪಾತ್ರೆಯನ್ನು ಬಿಸಿಯಾಗಿಯೇ ಇಡಬೇಕು, ಅದಕ್ಕೆ ಆಳುಗಳು ಬೇಕು. ದಳದಲ್ಲಿ ಆಂತರಿಕ ದಹನದ ಎಂಜಿನ್ನುಗಳನ್ನು ಪಡೆದ ಮೊದಲ ಅಗ್ನಿನೌಕೆ ಹಾರ್ವೆ. ಮೊದಲು ಪೆಟ್ರೋಲಿನಿಂದ ನಡೆಯುತ್ತಿದ್ದ ಅದಕ್ಕೆ 1957ರಲ್ಲಿ ತಲಾ 600 ಅಶ್ವಶಕ್ತಿಯ ಐದು ಡೀಸೆಲ್ ಎಂಜಿನ್ನುಗಳನ್ನು ಹಾಕಲಾಯಿತು. ಎಂಜಿನ್ನುಗಳು ವಿದ್ಯುತ್ತನ್ನು ಉತ್ಪಾದಿಸಿದರೆ ಆ ವಿದ್ಯುತ್ತಿನಿಂದ ತಿರುಗುವ ಮೋಟಾರುಗಳು ನೌಕೆಯನ್ನು ಮುಂದೂಡುತ್ತವೆ. ಬೆಂಕಿಯ ಸ್ಥಳ ತಲುಪಿದ ಮೇಲೆ ಅದೇ ಶಕ್ತಿಯ ಬಹುಪಾಲನ್ನು ಪಂಪುಗಳ ಕಡೆಗೆ ಹರಿಸಬಹುದು. ಆದರೆ ಎಲ್ಲವನ್ನೂ ಅತ್ತ ಕೊಡುವಂತಿಲ್ಲ. ತೋಪಿನಿಂದ ಚಿಮ್ಮುವ ನೀರು ನೌಕೆಯನ್ನು ಹಿಂದಕ್ಕೆ ತಳ್ಳುತ್ತದೆ. ನಿಂತಲ್ಲೇ ನಿಲ್ಲಲು ಚಾಲಕ ಅದರೊಡನೆ ಸೆಣಸುತ್ತಲೇ ಇರಬೇಕು. ಹಾರ್ವೆಯ ಪಂಪುಗಳ ಸಾಮರ್ಥ್ಯ ನಿಮಿಷಕ್ಕೆ 18,000 ಗ್ಯಾಲನ್, ಎಂದರೆ ಸುಮಾರು 68,000 ಲೀಟರ್. ಬೆಂಗಳೂರಿನ ಬೇಸಿಗೆಯಲ್ಲಿ 6,000 ಲೀಟರಿನ ಟ್ಯಾಂಕರಿಗಾಗಿ ಕಾದವರು ಹೀಗೆ ಲೆಕ್ಕ ಹಾಕಿಕೊಳ್ಳಬಹುದು: ನಿಮಿಷಕ್ಕೆ ಹನ್ನೊಂದು ಟ್ಯಾಂಕರು ನೀರು.

ಅಷ್ಟು ನೀರೂ ಎಲ್ಲ ಕಾಲಕ್ಕೂ ಒಳಿತನ್ನೇ ಮಾಡುವುದಿಲ್ಲವೆಂಬುದನ್ನು 1942ರ ಫೆಬ್ರವರಿ 9 ತೋರಿಸಿತು. ಫ್ರಾನ್ಸಿನ ಹೆಮ್ಮೆಯ ಪ್ರಯಾಣಿಕ ಹಡಗು ‘ನಾರ್ಮಂಡಿ’ಯನ್ನು ಅಮೆರಿಕ ವಶಪಡಿಸಿಕೊಂಡು ಸೈನಿಕರನ್ನು ಸಾಗಿಸಲು ಸಜ್ಜುಗೊಳಿಸುತ್ತಿತ್ತು. ಕಬ್ಬಿಣ ಕತ್ತರಿಸುವಾಗ ಹಾರಿದ ಕಿಡಿ ರಾಶಿ ಹಾಕಿದ್ದ ಜೀವರಕ್ಷಕ ಅಂಗಿಗಳಿಗೆ ತಗುಲಿತು. ದಡದಿಂದ ಬಂಡಿಗಳೂ ನದಿಯಿಂದ ಹಾರ್ವೆಯೂ ಸೇರಿದಂತೆ ಅಗ್ನಿನೌಕೆಗಳೂ ನೀರು ಸುರಿದವು. ಬೆಂಕಿ ಹತೋಟಿಗೆ ಬಂತು. ಆದರೆ ಮೇಲಿನ ಅಟ್ಟಗಳಲ್ಲಿ ನಿಂತ ಸಾವಿರಾರು ಟನ್ ನೀರಿನ ಭಾರಕ್ಕೆ ಹಡಗು ಒಂದು ಮಗ್ಗುಲಿಗೆ ವಾಲತೊಡಗಿತು. ಅದರ ವಿನ್ಯಾಸಕಾರ ವ್ಲಾದಿಮಿರ್ ಯುರ್ಕೆವಿಚ್ ಆಗ ನ್ಯೂಯಾರ್ಕಿನಲ್ಲೇ ಇದ್ದರು. ಓಡಿಬಂದು, ತಳದ ಕವಾಟಗಳನ್ನು ತೆರೆದು ಹಡಗನ್ನು ನೇರವಾಗಿ ನದಿಯ ತಳಕ್ಕೆ ಕೂರಿಸಿರೆಂದು ಸಲಹೆ ಕೊಟ್ಟರು. ಅಧಿಕಾರಿಗಳು ಒಪ್ಪಲಿಲ್ಲ. ಮರುದಿನ ನಸುಕಿಗೆ ಮುನ್ನ ನಾರ್ಮಂಡಿ ಮಗುಚಿ ಮಲಗಿತು. ಅಗ್ನಿನೌಕೆಗಳು ಹಡಗನ್ನು ಮುಳುಗಿಸಿದುವೆಂದು ದೂರುವುದು ಸುಲಭ. ತಳದಲ್ಲಿ ಕೂರಿಸಿದ್ದರೆ ಎತ್ತಬಹುದಿತ್ತೆಂಬ ವಿನ್ಯಾಸಕಾರನ ಮಾತನ್ನು ಕಡೆಗಣಿಸಿದ್ದೇ ನಿಜವಾದ ತಪ್ಪೆಂದು ನನಗೆ ತೋರುತ್ತದೆ.

ಮರುವರ್ಷ ಹಡಗನ್ನು ಮುಳುಗಿಸುವುದೇ ಕೆಲಸವಾಯಿತು. 1943ರ ಏಪ್ರಿಲ್ 24ರಂದು ನ್ಯೂಜೆರ್ಸಿಯ ಕೇವನ್ ಪಾಯಿಂಟ್ ಧಕ್ಕೆಯಲ್ಲಿ ಸಾವಿರಕ್ಕೂ ಹೆಚ್ಚು ಟನ್ ಮದ್ದುಗುಂಡು ಹೊತ್ತಿದ್ದ ‘ಎಲ್ ಎಸ್ಟೆರೊ’ ಹಡಗಿನ ಎಂಜಿನ್ ಕೋಣೆಯಲ್ಲಿ ಎಣ್ಣೆ ಹೊತ್ತಿತು. ಪಕ್ಕದಲ್ಲಿ ಮದ್ದುಗುಂಡು ತುಂಬಿದ ಇತರ ಹಡಗುಗಳೂ ರೈಲುಡಬ್ಬಿಗಳೂ ಇದ್ದವು. ಕರಾವಳಿ ಕಾವಲು ಪಡೆಯ ಸ್ವಯಂಸೇವಕರು ಹಡಗಿನ ಮೇಲೆಯೇ ನಿಂತು ಹೋರಾಡುತ್ತಿರುವಂತೆ ಅದನ್ನು ಟಗ್ಗುಗಳು ಕೊಲ್ಲಿಯ ನಡುವಿಗೆ ಎಳೆದವು. ಹಾರ್ವೆಯೂ ‘ಫೈರ್ ಫೈಟರ್’ ಎಂಬ ಮತ್ತೊಂದು ನೌಕೆಯೂ ಮಗ್ಗುಲಿಗೆ ಅಂಟಿಕೊಂಡು ನೀರು ತುಂಬಿದವು. ಕೊನೆಗೆ ಎಲ್ ಎಸ್ಟೆರೊ ಸಿಡಿಯದೆ ತಳ ಸೇರಿತು.

ಸಿಡಿದಿದ್ದರೆ ಏನಾಗುತ್ತಿತ್ತು? ಭಾರತದವರಿಗೆ ಅದನ್ನು ಬಹಳ ವಿವರಿಸಬೇಕಾಗಿಲ್ಲ. ಒಂದು ವರ್ಷಕ್ಕೆ ಹತ್ತು ದಿನ ಕಡಿಮೆಯಿರುವಾಗ, 1944ರ ಏಪ್ರಿಲ್ 14ರಂದು, ಮುಂಬಯಿಯ ವಿಕ್ಟೋರಿಯಾ ಧಕ್ಕೆಯಲ್ಲಿ ಹತ್ತಿಯನ್ನೂ ಸುಮಾರು 1,400 ಟನ್ ಸ್ಫೋಟಕವನ್ನೂ ಹೊತ್ತಿದ್ದ ‘ಫೋರ್ಟ್ ಸ್ಟಿಕೀನ್’ ಹೊತ್ತಿಕೊಂಡಿತು. ಅದನ್ನು ಹೊರಗೆಳೆಯಲೂ ಇಲ್ಲ, ಮುಳುಗಿಸಲೂ ಇಲ್ಲ. ಎರಡು ಸ್ಫೋಟಗಳಲ್ಲಿ ಧಕ್ಕೆಯೂ ಅದರ ಸುತ್ತಲಿನ ಬಸ್ತಿಗಳೂ ಹಾಳಾದವು; ನೂರಾರು ಜನ ಸತ್ತರು, ಅವರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ. ಕರ್ನಾಟಕವೂ ಸೇರಿದಂತೆ ದೇಶದಾದ್ಯಂತ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುವುದು ಅವರ ನೆನಪಿಗಾಗಿಯೇ.

ಯುದ್ಧದ ನಂತರ ಹಾರ್ವೆಯ ಬಂದರೇ ಕರಗತೊಡಗಿತು. ಸರಕನ್ನು ಕಬ್ಬಿಣದ ಪೆಟ್ಟಿಗೆಗಳಲ್ಲಿ ತುಂಬಿ ಎತ್ತಿಡುವ ಕಂಟೇನರ್ ಪದ್ಧತಿ 1956ರಲ್ಲಿ ಈ ಕೊಲ್ಲಿಯಿಂದಲೇ ಆರಂಭವಾಯಿತು. ವಿಶಾಲವಾದ ಬಯಲು ಬೇಕಾದ ಆ ವ್ಯಾಪಾರ ನ್ಯೂಜೆರ್ಸಿಯ ನೂವರ್ಕ್ ಮತ್ತು ಎಲಿಜಬೆತ್ ಧಕ್ಕೆಗಳಿಗೆ ಸರಿಯಿತು. ಮ್ಯಾನ್‌ಹಟನ್ನಿನ ಮರದ ಧಕ್ಕೆಗಳು ಕೊಳೆತವು. 1966ರ ಜೂನಿನಲ್ಲಿ ನಾಫ್ತಾ ತುಂಬಿದ್ದ ‘ಆಲ್ವಾ ಕೇಪ್’ ಇನ್ನೊಂದು ತೈಲಹಡಗಿಗೆ ಡಿಕ್ಕಿಯಾಗಿ ಮೂವತ್ತಕ್ಕೂ ಹೆಚ್ಚು ಜನ ಸತ್ತ ದುರಂತದಲ್ಲಿ ಹಾರ್ವೆ ದುಡಿಯಿತು. ಆಮೇಲೆ ಅದಕ್ಕೆ ಕೆಲಸ ಕಡಿಮೆಯಾಗುತ್ತ ಹೋಯಿತು. 1990ರ ದಶಕದ ನಡುವೆ ನಿವೃತ್ತಿಯಾಯಿತು.

1999ರಲ್ಲಿ ನಗರ ಅದನ್ನು ಹರಾಜಿಗಿಟ್ಟಿತು. ಗುಜರಿಯವರು ಕಾದಿದ್ದರು. ಹಳೆಯ ಹಡಗುಗಳ ಹುಚ್ಚಿದ್ದ ಗೆಳೆಯರ ಗುಂಪೊಂದು 28,010 ಡಾಲರಿಗೆ ಅದನ್ನು ಕೊಂಡಿತು. ಆ ಕೊನೆಯ ಹತ್ತು ಡಾಲರುಗಳನ್ನು ನೋಡಿದರೆ ನಮ್ಮ ಮದುವೆ ಮುಯ್ಯಿಯಲ್ಲಿ ನೂರರ ಮೇಲೆ ಇಡುವ ಒಂದು ರೂಪಾಯಿ ನೆನಪಾಗುತ್ತದೆ. ಉದ್ದೇಶ ಮಾತ್ರ ಬೇರೆ. ತುಕ್ಕು ಕೆರೆದು, ಎಂಜಿನ್ನುಗಳನ್ನು ಎಬ್ಬಿಸಿ, ವರ್ಷದೊಳಗೆ ಅದನ್ನು ಓಡುವಂತೆ ಮಾಡಿದರು. 2000ದಲ್ಲಿ ಅದು ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಪಂಪುಗಳೂ ನಡೆಯುತ್ತಿದ್ದವು, ಆದರೆ ನೀರಿನ ಕಮಾನು ಹಾರಿಸಿ ನೋಡುವವರನ್ನು ನಗಿಸುವುದಕ್ಕಿಂತ ಹೆಚ್ಚಿನ ಉಪಯೋಗ ಅವುಗಳಿಗೆ ಬರುವುದೆಂದು ಯಾರೂ ಎಣಿಸಿರಲಿಲ್ಲ.

2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ಎರಡು ಗೋಪುರಗಳೂ ಕುಸಿದಾಗ ಕೆಳ ಮ್ಯಾನ್‌ಹಟನ್ನಿನ ಜನ ನದಿಯ ಅಂಚಿಗೆ ಬಂದು ನಿಂತರು. ಸೇತುವೆ, ಸುರಂಗ, ರೈಲು ಎಲ್ಲ ಮುಚ್ಚಿದ್ದವು. ಕೊಲ್ಲಿಯಲ್ಲಿದ್ದ ಫೆರ್ರಿ, ಟಗ್ಗು, ವಿಹಾರದೋಣಿಗಳು ದಡಕ್ಕೆ ಮೂತಿಯಿಟ್ಟು ಲಕ್ಷಾಂತರ ಜನರನ್ನು ಸಾಗಿಸಿದವು. ಹಾರ್ವೆಯ ಮಾಲೀಕರೂ, ಅದನ್ನು ದಳದಲ್ಲಿದ್ದಾಗ ನಡೆಸಿದ್ದ ನಿವೃತ್ತ ಚಾಲಕರೊಬ್ಬರೂ ನೌಕೆಯನ್ನು ಬಿಚ್ಚಿಕೊಂಡು ದಕ್ಷಿಣಕ್ಕೆ ಹೊರಟು ಸುಮಾರು 150 ಮಂದಿಯನ್ನು ಹತ್ತಿಸಿಕೊಂಡರು. ಅಷ್ಟರಲ್ಲಿ ಅಗ್ನಿಶಾಮಕ ದಳದ ರೇಡಿಯೋ ಕರೆ ಬಂತು: ಜನರನ್ನು ಇಳಿಸಿ, ಹಿಂತಿರುಗಿ, ಪಂಪು ಮಾಡಿ. ಗೋಪುರಗಳ ಭಾರಕ್ಕೆ ನೆಲದಡಿಯ ಕೊಳವೆಗಳು ಒಡೆದು ಬೀದಿಯ ನಲ್ಲಿಗಳು ಬತ್ತಿದ್ದವು. ಉರಿಯುವ ಕುಪ್ಪೆಯ ಪಕ್ಕದಲ್ಲೇ ಹಡ್ಸನ್ ಹರಿಯುತ್ತಿದ್ದರೂ ಬಂಡಿಗಳಿಗೆ ನೀರಿರಲಿಲ್ಲ.

ಹಾರ್ವೆ, ಫೈರ್ ಫೈಟರ್, ‘ಜಾನ್ ಡಿ. ಮೆಕ್ಕೀನ್’ ಎಂಬ ಮೂರು ನೌಕೆಗಳು ದಡಕ್ಕೆ ಕಟ್ಟಿಕೊಂಡು ನದಿಯ ನೀರನ್ನು ಎತ್ತಿ, ಕೈಯಿಂದ ಎಳೆದೊಯ್ದ ಕೊಳವೆಗಳ ಮೂಲಕ ಬಂಡಿಗಳಿಗೆ ಉಣಿಸಿದವು. ದಳ ಹಾರ್ವೆಗೆ ಅದರ ಹಳೆಯ ಸೇವಾಸಂಖ್ಯೆಯನ್ನು, ‘ಮರೀನ್ 2’ ಎಂಬುದನ್ನು, ಮರಳಿ ಕೊಟ್ಟಿತು. ಎಪ್ಪತ್ತು ವರ್ಷದ ಖಾಸಗಿ ನೌಕೆಯೊಂದು ಎಂಬತ್ತು ಗಂಟೆಗಳ ಕಾಲ ನೀರೆತ್ತಿತು. ನಗರದ ಕೊಳವೆಗಳಲ್ಲಿ ನೀರು ಮರಳಿದ ಮೇಲೆಯೇ ಅದಕ್ಕೆ ಬಿಡುವು. ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಟ್ರಸ್ಟ್ ಅದೇ ವರ್ಷ ಅದಕ್ಕೆ ವಿಶೇಷ ಪ್ರಶಸ್ತಿ ನೀಡಿತು. 2002ರಲ್ಲಿ ಮೈರಾ ಕಾಲ್ಮನ್ ಮಕ್ಕಳಿಗಾಗಿ ಹಾರ್ವೆಯ ಚಿತ್ರಪುಸ್ತಕ ಬರೆದರು. ಅಮೆರಿಕದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಕೆಲವರು ಅದನ್ನು ಶಾಲೆಯ ಗ್ರಂಥಾಲಯದಲ್ಲಿ ಓದಿಯೇ ಇರಬಹುದು.

2010ರಲ್ಲಿ ದಳಕ್ಕೆ ಹೊಸ ನೌಕೆ ಬಂತು. ಅದರ ಹೆಸರು ‘ಥ್ರೀ ಫಾರ್ಟಿ ಥ್ರೀ’, ಆ ದಿನ ಮಡಿದ ದಳದ 343 ಮಂದಿಯ ನೆನಪಿಗೆ. ನಿಮಿಷಕ್ಕೆ 50,000 ಗ್ಯಾಲನ್ ಎತ್ತಬಲ್ಲದು. ಫೈರ್ ಫೈಟರ್ ಮತ್ತು ಮೆಕ್ಕೀನ್ ಅದೇ ಸುಮಾರಿಗೆ ನಿವೃತ್ತವಾಗಿ ಸಂರಕ್ಷಕರ ಕೈ ಸೇರಿದವು. ಹಾರ್ವೆ 2018ರಲ್ಲಿ ಕೆಲಕಾಲ ವೇಷ ಬದಲಿಸಿತು: ಮೊದಲ ಮಹಾಯುದ್ಧದಲ್ಲಿ ಶತ್ರುವಿನ ಅಂದಾಜನ್ನು ಗೊಂದಲಗೊಳಿಸಲು ಹಡಗುಗಳಿಗೆ ಬಳಿಯುತ್ತಿದ್ದ ಅಡ್ಡಾದಿಡ್ಡಿ ಪಟ್ಟೆಗಳನ್ನು ನೆನೆದು ಟೌಬಾ ಔರ್‌ಬಾಕ್ ಎಂಬ ಕಲಾವಿದೆ ಅದರ ಮೈಮೇಲೆಲ್ಲ ಕೆಂಪು ಬಿಳಿಯ ಅಲೆಗಳನ್ನು ಹರಿಸಿದರು. ಬೇಸಿಗೆಯ ವಾರಾಂತ್ಯಗಳಲ್ಲಿ ಸಾರ್ವಜನಿಕರನ್ನು ಉಚಿತವಾಗಿ ನದಿಯ ಮೇಲೆ ಸುತ್ತಾಡಿಸುವ ರೂಢಿಯನ್ನು ಸ್ವಯಂಸೇವಕರು ಬೆಳೆಸಿದರು. ಹೋಗುವವರು ಬದಲಿ ಬಟ್ಟೆ ಇಟ್ಟುಕೊಳ್ಳುವುದು ಒಳ್ಳೆಯದು. ತೋಪು ಹಾರಿಸಿದಾಗ ಗಾಳಿ ಯಾವ ಕಡೆಗಿದೆಯೋ ಆ ಕಡೆ ನಿಂತವರು ತೊಯ್ಯುತ್ತಾರೆ.