ನೆಲದ ನಡೆಯನ್ನು ಅಳೆಯುವ ರಾಡಾರ್ ಉಪಗ್ರಹಗಳು

ಭೂಕಂಪವಾದ ಮೇಲೆ ನೆಲ ಎಲ್ಲಿ, ಎಷ್ಟು ಸರಿದಿದೆ ಎಂದು ಆಕಾಶದಿಂದ ನೋಡಿ ಅಳೆಯಲು ಏನು ಬೇಕು? ನಂತರದ ಚಿತ್ರವೊಂದಿದ್ದರೆ ಸಾಲದು, ಮುಂಚಿನ ಚಿತ್ರವೂ ಬೇಕು. ಆದರೆ ಭೂಕಂಪ ಯಾವಾಗ, ಎಲ್ಲಿ ಆಗುತ್ತದೆಂದು ಮೊದಲೇ ಹೇಳಬಲ್ಲವರು ಯಾರೂ ಇಲ್ಲ. ಆದ್ದರಿಂದ ಭೂಮಿಯ ಚಿತ್ರಗಳನ್ನು ಮತ್ತೆ ಮತ್ತೆ ತೆಗೆದಿಡುವುದೊಂದೇ ದಾರಿ. ಬಾಯಾರಿದಾಗ ಬಾವಿ ತೋಡಬಾರದು ಎಂಬ ಹಿರಿಯರ ಮಾತು ಈ ವಿಜ್ಞಾನದ ಇತಿಹಾಸಕ್ಕೆ ಚೆನ್ನಾಗಿ ಒಪ್ಪುತ್ತದೆ.

ಸಾಮಾನ್ಯ ಕ್ಯಾಮರಾಕ್ಕೆ ಬೆಳಕು ಬೇಕು. ಮೋಡ ಕವಿದರೆ ಅದು ಕುರುಡು. ರಾಡಾರ್ ತಾನೇ ರೇಡಿಯೋ ಅಲೆಗಳನ್ನು ಕಳುಹಿಸಿ, ಮರಳಿ ಬಂದುದನ್ನು ಗ್ರಹಿಸುತ್ತದೆ. ಅದಕ್ಕೆ ಇರುಳೂ ಮಳೆಗಾಲವೂ ಅಡ್ಡಿಯಲ್ಲ. ಆದರೆ ಅಷ್ಟು ಎತ್ತರದಿಂದ ಸ್ಪಷ್ಟ ಚಿತ್ರ ಬೇಕಾದರೆ ಭಾರೀ ಉದ್ದದ ಆಂಟೆನಾ ಬೇಕು. ಅಮೆರಿಕದ ಕಾರ್ಲ್ ವೈಲಿ 1951ರಲ್ಲಿ ವಿಮಾನಗಳ ರಾಡಾರಿಗಾಗಿ ಒಂದು ಉಪಾಯ ಸೂಚಿಸಿದರು. ಸಣ್ಣ ಆಂಟೆನಾ ಚಲಿಸುತ್ತಾ ದಾರಿಯುದ್ದಕ್ಕೂ ಪಡೆದ ಸಂಕೇತಗಳನ್ನು ಲೆಕ್ಕಾಚಾರದಿಂದ ಕೂಡಿಸಿದರೆ, ಅದೇ ದೊಡ್ಡ ಆಂಟೆನಾದ ಕೆಲಸ ಮಾಡುತ್ತದೆ.

1978ರ ಜೂನ್‌ನಲ್ಲಿ ನಾಸಾ ಈ ತಂತ್ರದ ರಾಡಾರನ್ನು ಸೀಸ್ಯಾಟ್ ಉಪಗ್ರಹದಲ್ಲಿ ಕಳುಹಿಸಿತು. ವಿದ್ಯುತ್ ದೋಷದಿಂದ ಅದು ಅಕ್ಟೋಬರ್‌ನಲ್ಲೇ ಸ್ತಬ್ಧವಾಯಿತು. ಸಮುದ್ರಕ್ಕೆಂದು ಹೋದ ಆ ಉಪಗ್ರಹ ನೆಲದ ಚಿತ್ರಗಳನ್ನೂ ಕೊಟ್ಟು ಮುಂದಿನವರಿಗೆ ದಾರಿ ತೋರಿಸಿತು.

1991ರಲ್ಲಿ ಯುರೋಪಿನ ಇಆರ್‌ಎಸ್-1 ಹಾರಿತು. 1992ರ ಜೂನ್ 28ರಂದು ಕ್ಯಾಲಿಫೋರ್ನಿಯಾದ ಲ್ಯಾಂಡರ್ಸ್‌ನಲ್ಲಿ 7.3 ತೀವ್ರತೆಯ ಭೂಕಂಪವಾಯಿತು. ಅದಕ್ಕೆ ಮುಂಚೆಯೇ ಆ ಪ್ರದೇಶದ ಚಿತ್ರ ಸಿದ್ಧವಿತ್ತು! ಫ್ರಾನ್ಸಿನ ದಿದಿಯೇ ಮಸೊನೆ ಮತ್ತು ಸಂಗಡಿಗರು ಹಳೆಯ, ಹೊಸ ಚಿತ್ರಗಳನ್ನು ಹೋಲಿಸಿದಾಗ ಬಣ್ಣದ ಪಟ್ಟಿಗಳು ಮೂಡಿದವು. ಒಂದೊಂದು ಪಟ್ಟಿಯೂ ಉಪಗ್ರಹದ ದಿಕ್ಕಿನಲ್ಲಿ ನೆಲ ಸುಮಾರು 28 ಮಿಲಿಮೀಟರ್ ಸರಿದುದರ ಗುರುತು. 1993ರಲ್ಲಿ 'ನೇಚರ್' ಪತ್ರಿಕೆ ಇದನ್ನು ಪ್ರಕಟಿಸಿದಾಗ ವಿಜ್ಞಾನ ಲೋಕ ಬೆರಗಾಯಿತು.

ಇಂತಹ ಉಪಗ್ರಹದ ಯೋಜನೆ ಸುಲಭವೆಂದು ಭಾವಿಸಬೇಡಿ. ಗಿಡ್ಡ ಅಲೆಗಳು ಮರದ ಎಲೆಗಳಲ್ಲೇ ಚದುರಿಹೋಗುತ್ತವೆ. ಉದ್ದದ ಅಲೆಗಳು ಎಲೆಗಳ ನಡುವೆ ಇನ್ನಷ್ಟು ಒಳಗೆ ಇಳಿಯುತ್ತವೆ. ಉಪಗ್ರಹ ನಿಗದಿತ ದಿನಗಳಿಗೊಮ್ಮೆ ಅದೇ ಹಾದಿಗೆ ಮರಳಬೇಕು. ಭೂಕಂಪ, ಹಿಮ, ಕಾಡು, ಬೆಳೆ ಎಂದು ಒಬ್ಬೊಬ್ಬ ವಿಜ್ಞಾನಿಯ ಬೇಡಿಕೆ ಒಂದೊಂದು. ಹಣ ಮಾತ್ರ ಮಿತ. 2007ರಲ್ಲಿ ಅಮೆರಿಕದ ವಿಜ್ಞಾನಿಗಳ ಸಮಿತಿ ಶಿಫಾರಸು ಮಾಡಿದ ಇಂತಹ ಯೋಜನೆಯೊಂದು ವೆಚ್ಚದ ಕಾರಣಕ್ಕೆ ಮೊದಲಿನ ರೂಪದಲ್ಲಿ ಉಳಿಯಲಿಲ್ಲ. ಅದರ ಕನಸಿಗೆ ಭಾರತ ಕೈಜೋಡಿಸಿತು. 2014ರಲ್ಲಿ ನಾಸಾ ಮತ್ತು ಇಸ್ರೋ 'ನಿಸಾರ್' ಒಪ್ಪಂದಕ್ಕೆ ಸಹಿ ಹಾಕಿದವು. ಸುಮಾರು 24 ಸೆಂಟಿಮೀಟರ್ ಅಲೆಯ ರಾಡಾರ್ ನಾಸಾದ್ದು, ಸುಮಾರು 9 ಸೆಂಟಿಮೀಟರಿನದು ಇಸ್ರೋದ್ದು. ಇವೆರಡನ್ನು ಹೊತ್ತ ಉಪಗ್ರಹದ ಜೋಡಣೆ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. 2025ರ ಜುಲೈ 30ರಂದು ಅದು ಶ್ರೀಹರಿಕೋಟಾದಿಂದ ನಭಕ್ಕೇರಿತು. 12 ದಿನಗಳಿಗೊಮ್ಮೆ ತನ್ನ ಹಾದಿಗೆ ಮರಳುವಂತೆ ಅದನ್ನು ರೂಪಿಸಲಾಗಿದೆ.

ಲೆಕ್ಕ ಹಾಕಿ ನೋಡಿ: 2007ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಆ ಹೊತ್ತಿಗೆ ಸ್ನಾತಕೋತ್ತರ ಪದವಿಯನ್ನೂ ಮುಗಿಸಿರಬಹುದು!

ಬಾವಿ ತೋಡಿದರೆ ಸಾಲದು, ಹೂಳು ತುಂಬದಂತೆ ಕಾಯಲೂ ಬೇಕು. ಯುರೋಪಿನ ಜೋಡಿ ಉಪಗ್ರಹಗಳಲ್ಲಿ ಒಂದಾದ ಸೆಂಟಿನೆಲ್-1ಬಿ 2021ರ ಡಿಸೆಂಬರ್‌ನಲ್ಲಿ ಕೆಟ್ಟುಹೋಯಿತು. ಆ ಸ್ಥಾನಕ್ಕೆ ಸೆಂಟಿನೆಲ್-1ಸಿ ಹಾರಿದ್ದು 2024ರ ಡಿಸೆಂಬರ್‌ನಲ್ಲಿ. ಆ ಮೂರು ವರ್ಷ ತೆಗೆಯದೇ ಹೋದ ಚಿತ್ರಗಳನ್ನು ಇನ್ನು ಯಾವ ಹಣದಿಂದಲೂ ಕೊಳ್ಳಲಾಗದು.

ವಿದ್ಯಾರ್ಥಿ ಮಿತ್ರರೇ, ಇಂದು ಯಾರೂ ಕೇಳದ ಚಿತ್ರವೊಂದು ನಾಳೆ ಯಾವುದೋ ಊರಿನ ಕುಸಿಯುವ ಗುಡ್ಡದ ಬಗ್ಗೆ ಮುನ್ಸೂಚನೆ ನೀಡಬಹುದು. ಅದನ್ನು ಇಂದೇ ತೆಗೆದಿಡುವಂತೆ ಯೋಚಿಸಿದವರ ದೂರದೃಷ್ಟಿಯನ್ನು ನೆನೆಯೋಣ. ಮುಂದಿನ ಯೋಜನೆ ರೂಪಿಸುವವರ ಸಾಲಿನಲ್ಲಿ ನೀವೂ ಇರುವಂತಾಗಲಿ.